ಹಿತ್ತಲ ಬಾಗಿಲ ಬುಟ್ಟಿ

ಹೆಣ ಹೊರುವವರ ಕಾಲು ಜಾರದಿರಲಿ ಎಂದು ಟ್ರೈಫೀನಾ ಮುಂಬಾಗಿಲ ಮೆಟ್ಟಿಲಿಗೆ ಬೂದಿ ಎರಚುತ್ತಿದ್ದಳು. ಮೆಟ್ಟಿಲ ಮೇಲೆ ನೀರು ಹೆಪ್ಪುಗಟ್ಟಿ ಗಾಜಾಗಿತ್ತು. ಒಂದು ಬಕೆಟ್ ಬೂದಿ ಸಾಲದೆ ಒಗೆಯುವ ಕೊಟ್ಟಿಗೆಗೆ ಹೋಗಿ ಪೀಪಾಯಿಯೊಳಗೆ ಮತ್ತೆ ಸಲಿಕೆ ಊರಿದಳು. ಸಲಿಕೆ ಏನೋ ಗಟ್ಟಿಯಾದದ್ದಕ್ಕೆ ತಾಗಿ ನಿಂತಿತು. ಸೌದೆಯ ಕೊರಡಿರಬೇಕೆಂದು ಕೈ ಹಾಕಿದರೆ ಬಟ್ಟೆ ಸಿಕ್ಕಿತು. ಅಮ್ಮನ ಹಳೆಯ ಫ್ಲ್ಯಾನೆಲ್ ಲಂಗ, ಸುತ್ತಿ ಸುತ್ತಿ ಹುರಿಯಿಂದ ಕಟ್ಟಿದ್ದು. ಎಳೆದರೆ ಮಗುವಿನಷ್ಟು ಭಾರ.

ಹುರಿ ಬಿಚ್ಚಿದಳು. ಹಂದಿಕೊಬ್ಬು ಸವರಿದ ಕಬ್ಬಿಣದ ತೋಳು, ತುದಿಯಲ್ಲಿ ಮುಷ್ಟಿಯಷ್ಟು ದಪ್ಪದ ಗುಂಡು. ಹತ್ತಿರದಿಂದ ಅದನ್ನು ಅವಳು ಯಾವತ್ತೂ ಕಂಡಿರಲಿಲ್ಲ, ಆದರೂ ಏನೆಂದು ಕೇಳಬೇಕಾಗಿರಲಿಲ್ಲ. ಇಡೀ ಊರು ಈ ವಾರ ಅದನ್ನೇ ಹುಡುಕುತ್ತಿತ್ತು. ಕಾಲೇಜಿನ ಗಂಟೆಯ ನಾಲಿಗೆ.

ಆ ಬೆಟ್ಟದೂರಿಗೆ ಇದ್ದದ್ದು ಅದೊಂದೇ ಗಂಟೆ. ಹುಡುಗರನ್ನು ಬೆಳಗಿನ ಪ್ರಾರ್ಥನೆಗೆ ಎಬ್ಬಿಸುವುದೂ ಅದೇ, ಬೆಂಕಿ ಬಿದ್ದರೆ ಊರನ್ನು ಕೂಗುವುದೂ ಅದೇ, ಸತ್ತವರನ್ನು ಕಳಿಸಿಕೊಡುವುದೂ ಅದೇ. ಯಾರಾದರೂ ಕಣ್ಣು ಮುಚ್ಚಿದರೆ ವಯಸ್ಸಿಗೆ ತಕ್ಕಷ್ಟು ಪೆಟ್ಟು. ಗುಡ್ಡದಾಚೆ ಮರ ಕಡಿಯುವವನು ಕೊಡಲಿ ಊರಿ ನಿಂತು ಎಣಿಸಿ, ಹೋದದ್ದು ಯಾರೆಂದು ಹೇಳಿಬಿಡುತ್ತಿದ್ದ. ಹೆಣದ ಪೆಟ್ಟಿಗೆ ಮನೆ ಬಿಟ್ಟಾಗ ಮತ್ತೆ ಗಂಟೆ, ಗುಂಡಿ ಮುಟ್ಟುವವರೆಗೆ. ಗಂಟೆಯಿಲ್ಲದೆ ಮಣ್ಣಿಗೆ ಹೋಗುವವರು ಎಂದರೆ ತಾವಾಗಿ ಪ್ರಾಣ ಕಳೆದುಕೊಂಡವರು, ಇಲ್ಲವೇ ಊರಿನ ದತ್ತಿಯ ಗಂಜಿ ಕುಡಿದು ಸತ್ತವರು. ಟ್ರೈಫೀನಾಳ ಅಪ್ಪನಿಗೂ ಗಂಟೆಯಾಗಿರಲಿಲ್ಲ. ತೊರೆಯಲ್ಲಿ ದಿಮ್ಮಿ ಸಾಗಿಸುವಾಗ ಹೋದವನ ಹೆಣವೇ ಸಿಗದಿದ್ದ ಮೇಲೆ ಯಾವುದಕ್ಕೆಂದು ಹೊಡೆಯುವುದು? ಅಮ್ಮನಿಗಾದರೂ ಹೊಡೆಯಲಿ ಎಂಬುದೊಂದೇ ಅವಳ ಆಸೆಯಾಗಿತ್ತು. ಭಾನುವಾರ ಕಾಲೇಜಿನ ಹುಡುಗರು ಗಂಟೆಯ ನಾಲಿಗೆ ಬಿಚ್ಚಿಕೊಂಡು ಹೋದರು. ಗುರುವಾರ ಅವಳ ಅಮ್ಮ, ಅಗಸಗಿತ್ತಿ ಜೆರುಷಾ ಸತ್ತಳು. ಕೂಗಲು ಗಂಟೆಯಿಲ್ಲದೆ ಸುದ್ದಿ ಬಾಯಿಂದ ಬಾಯಿಗೆ ನಡೆದುಕೊಂಡು ಹೋಯಿತು.

ಕಾಲೇಜಿನ ಅಧ್ಯಕ್ಷರೂ ಊರಿನ ಪಾದ್ರಿಗಳೂ ಆದ ಡಾಕ್ಟರ್ ಲೆಮ್ಯುಯೆಲ್ ಥ್ರಾಲ್ ಪ್ರಾರ್ಥನಾಮಂದಿರದಲ್ಲಿ ಎಲ್ಲರೆದುರು ಸಾರಿದ್ದರು: ಕದ್ದವನು ವಿದ್ಯಾರ್ಥಿಯಾದರೆ ಕಾಲೇಜಿನಿಂದ ಹೊರಕ್ಕೆ, ಬಚ್ಚಿಟ್ಟುಕೊಂಡವನು ಊರಿನವನಾದರೆ ನ್ಯಾಯಾಧೀಶರ ಮುಂದಕ್ಕೆ. ನಿನ್ನೆ ಅವರೇ ಸಾಂತ್ವನ ಹೇಳಲು ಬಂದು ಟ್ರೈಫೀನಾಳನ್ನು ಪಕ್ಕಕ್ಕೆ ಕರೆದು, ನಿಮ್ಮಮ್ಮನಿಗೆ ಆ ಹುಡುಗರ ವಿಷಯ ಎಲ್ಲಾ ಗೊತ್ತಿರುತ್ತಿತ್ತು, ಸಾಯುವ ಮುಂಚೆ ಏನಾದರೂ ಹೆಸರು ಹೇಳಿದ್ದರೆ ಹೇಳು, ಸಂಜೆಯೊಳಗೆ ಗಂಟೆ ಸರಿಯಾಗುತ್ತದೆ, ಎಂದು ಮೆಲ್ಲಗೆ ಕೇಳಿದ್ದರು. ಕೆಟ್ಟ ಮನುಷ್ಯರೇನಲ್ಲ. ಅವರಿಗೂ ಜೆರುಷಾಳಿಗೆ ಗಂಟೆ ಹೊಡೆಸಬೇಕೆಂದೇ ಇತ್ತು.

ಈಗ ನಾಲಿಗೆ ಜೆರುಷಾಳ ಬೂದಿ ಪೀಪಾಯಿಯಲ್ಲೇ ಸಿಕ್ಕಿದೆ. ಹೊರಗೆ ತೆಗೆದರೆ ಅಮ್ಮ ಕಳ್ಳಮಾಲು ಬಚ್ಚಿಟ್ಟವಳು. ತೆಗೆಯದಿದ್ದರೆ ಅಮ್ಮನಿಗೆ ಗಂಟೆಯಿಲ್ಲ. ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಅದರಲ್ಲೂ ಸತ್ತವರ ಮಾನ. ತಿರುಗಿ ಜವಾಬು ಕೊಡಲು ಅವರು ಇರುವುದಿಲ್ಲವಲ್ಲ. ಟ್ರೈಫೀನಾ ಪೀಪಾಯಿಯ ಅಂಚಿಗೆ ಒರಗಿ ನಿಂತಳು. ಅಮ್ಮನ ಮೇಲೆ ಸಿಟ್ಟು ಉಕ್ಕಿ ಬಂತು, ಅಳುವಿಗಿಂತ ಮೊದಲು.

"ನಿನ್ನ ಬುಟ್ಟಿಗೆ ಬೆಂಕಿ ಬೀಳ," ಎಂದಳು, ಯಾರೂ ಇಲ್ಲದ ಕೊಟ್ಟಿಗೆಯಲ್ಲಿ.

*

ಆ ಬುಟ್ಟಿ ಶುರುವಾದದ್ದು ಅವರ ಹೊಸ ದೇಶಕ್ಕೆ ಇಂಗ್ಲೆಂಡಿನವರ ಜೊತೆ ನಡೆದ ಎರಡನೇ ಯುದ್ಧ ಮುಗಿದ ಚಳಿಗಾಲದಲ್ಲಿ. ಟ್ರೈಫೀನಾಳಿಗೆ ಆಗ ಗಲ್ಲ ಬಟ್ಟೆ ಒಗೆಯುವ ಬಾನಿಯ ಅಂಚಿಗೆ ತಾಗುತ್ತಿತ್ತು.

ನದಿಯಾಚೆಯ ರೈತನೊಬ್ಬನ ಮಗ, ಹೊಸದಾಗಿ ಸೇರಿದವನು, ಆಗಿನ ಅಧ್ಯಕ್ಷರ ಮನೆಯ ಊಟದಲ್ಲಿ ಒಂದು ಬೆಳ್ಳಿ ಚಮಚ ಕದ್ದ. ಯಾಕೆ ಕದ್ದೆ ಎಂದರೆ ಅವನಿಗೇ ತಿಳಿಯದು. ಹೊಳೆಯುತ್ತಿತ್ತು, ಕದ್ದ. ಮಾರನೆಯ ದಿನವೇ ವಾಪಸು ಇಡಲು ಅಧ್ಯಕ್ಷರ ಮನೆಯ ಸುತ್ತ ಸುತ್ತಿದ. ಸುತ್ತುವವನನ್ನು ಕಂಡೇ ಹಿಡಿದರು. ಆ ಕಾಲೇಜಿನ ಪದ್ಧತಿಯಂತೆ ಅವನು ಎಲ್ಲರೆದುರು ನಿಂತು ತನ್ನ ತಪ್ಪನ್ನು ತಾನೇ ಬರೆದು, ತಾನೇ ಓದಿ ಹೇಳಬೇಕಾಯಿತು. ಓದುತ್ತಾ ಓದುತ್ತಾ ಸಾಲು ತಪ್ಪಿ ನಿಂತದ್ದಕ್ಕೆ ಹಿಂದಿನ ಬೆಂಚಿನವರು ನಕ್ಕರಂತೆ. ಆಮೇಲೆ ಹೆಸರು ಹೊಡೆದುಹಾಕಿದರು.

ಕರೆದೊಯ್ಯಲು ಅಪ್ಪ ಎತ್ತಿನ ಜಾರುಬಂಡಿ ಕಟ್ಟಿಕೊಂಡು ಬಂದ. ಮಗನ ಅಂಗಿಗಳು ಜೆರುಷಾಳ ಹತ್ತಿರ ಇದ್ದವು, ಆಗಷ್ಟೇ ಒಗೆದು ಹಿಂಡಿದ್ದು. ಒಣಗುವವರೆಗೆ ಒಲೆಯ ಹತ್ತಿರ ಕೂತು ಬಿಸಿ ಏನಾದರೂ ಕುಡಿಯಿರಿ ಎಂದಳು ಜೆರುಷಾ.

"ಒದ್ದೆಯಾಗಿದ್ರೂ ಕೊಟ್ಬಿಡಮ್ಮ," ಎಂದ ಆ ಮನುಷ್ಯ. "ಈ ಊರಲ್ಲಿ ಕೂತ್ಕೊಳ್ಳೋಕೆ ನಂಗೆ ಮುಖ ಇಲ್ಲ."

ಹುಡುಗ ಬಂಡಿಯ ಮೇಲೆ ಬೆನ್ನು ಮಾಡಿ ಕೂತಿದ್ದ. ಒದ್ದೆ ಅಂಗಿಗಳನ್ನು ಅಪ್ಪನೇ ಒಂದೊಂದಾಗಿ ಮಡಿಸಿ ಅವನ ಪಕ್ಕದಲ್ಲಿಟ್ಟ. ಬಂಡಿ ತಿರುವು ಮುಟ್ಟುವಷ್ಟರಲ್ಲಿ ಅವು ಹೆಪ್ಪುಗಟ್ಟಿ ಹಲಗೆಯಾದವು. ಮೇಲಿನ ಅಂಗಿಯ ತೋಳೊಂದು ಬಿಚ್ಚಿಕೊಂಡು ಸೆಟೆದು ನಿಂತಿತು, ಯಾರನ್ನೋ ನಿಲ್ಲಿ ಎಂದು ಕೂಗುವ ಕೈಯ ಹಾಗೆ. ಜೆರುಷಾ ಕಣ್ಣಿಗೆ ಮರೆಯಾಗುವವರೆಗೆ ಅದನ್ನೇ ನೋಡಿದಳು.

"ವಾಪಸ್ ಇಡೋಕೆ ಒಂದು ದಾರಿ ಇದ್ದಿದ್ರೆ ಇಟ್ಬಿಡ್ತಿದ್ದ ಕಣೆ ಆ ಹುಡುಗ," ಎಂದಳು. ಅಷ್ಟೇ.

ಮುಂದಿನ ವಾರ ಹಿತ್ತಲ ಬಾಗಿಲ ಹೊರಗೆ ಒಂದು ದೊಡ್ಡ ಬೆತ್ತದ ಬುಟ್ಟಿ ಬಂತು. ಜೆರುಷಾ ವಿಷಯವನ್ನು ಕಾಲೇಜಿನ ಅತಿ ದೊಡ್ಡ ಬಾಯಿಬಡುಕನ ಕಿವಿಯಲ್ಲಿ ಗುಟ್ಟಾಗಿ ಹೇಳಿದಳು. ಊರಿಗೆ ಸಾರಬೇಕಾದ ಮಾತಿಗೆ ಅದಕ್ಕಿಂತ ಒಳ್ಳೆಯ ಡಂಗುರ ಇಲ್ಲ. ಕದ್ದದ್ದನ್ನು ಮಾಸಿದ ಬಟ್ಟೆಯ ನಡುವೆ ಇಟ್ಟು ಹೋಗಿ. ನಾನು ಕೇಳುವುದಿಲ್ಲ, ನೋಡುವುದಿಲ್ಲ. ಶನಿವಾರ ಅದು ಯಾರದೋ ಅವರ ಒಗೆದ ಬಟ್ಟೆಯ ಗಂಟಿನಲ್ಲೇ ಮನೆ ಸೇರುತ್ತದೆ. ಇನ್ನು ತಿಂದು ತೇಗಿದ್ದು, ಅಂದರೆ ಕೋಳಿ, ಬಾತು, ಜೇನು, ಅದನ್ನು ಒಗೆಯಲಾಗುವುದಿಲ್ಲವಲ್ಲ; ಅದಕ್ಕೆ ಯಾರದ್ದನ್ನು ತಿಂದಿರೋ ಅವರ ಬಾಗಿಲಿಗೆ ಸೌದೆ ಒಡೆದು ಹಾಕಿ ಬನ್ನಿ.

ಇಪ್ಪತ್ತು ಚಳಿಗಾಲ ಆ ಬುಟ್ಟಿಗೆ ಬಾರದ ವಸ್ತುವಿಲ್ಲ. ಚಾಕು, ಗಡಿಯಾರ, ಪ್ರಾರ್ಥನಾಮಂದಿರದ ಮೇಣದ ದೀಪದ ಕಂಬ, ಯಾರದೋ ತೋಟದ ಗೇಟಿನ ಕೀಲು, ಒಬ್ಬ ಬೋಧಕರ ಕಟ್ಟುಹಲ್ಲು. ಜೆರುಷಾ ಹಲ್ಲನ್ನೂ ಸಾಬೂನಿನಲ್ಲಿ ತೊಳೆದೇ ಕಳಿಸಿದಳು.

ಟ್ರೈಫೀನಾಳಿಗೆ ಇದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಒಗೆತ ಅಮ್ಮನದು, ಇಸ್ತ್ರಿ ಅವಳದು, ಆದರೆ ಆ ಬುಟ್ಟಿಯಲ್ಲಿ ತನ್ನ ಪಾಲಿಲ್ಲ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಒಮ್ಮೆ ತಡೆಯಲಾರದೆ, "ಕಳ್ಳರನ್ನ ಸಾಕ್ತಿದ್ದೀಯಮ್ಮ ನೀನು," ಎಂದಳು.

"ಹೂಂ," ಎಂದಳು ಜೆರುಷಾ, ಹಿಂಡುವುದನ್ನು ನಿಲ್ಲಿಸದೆ. "ದೊಡ್ಡವರಾಗೋವರೆಗೂ ಸಾಕ್ಬೇಕಲ್ಲ."

*

ಕೊಟ್ಟಿಗೆಯ ಬಾಗಿಲು ಸದ್ದಾಯಿತು. ಟ್ರೈಫೀನಾ ಲಂಗವನ್ನು ಕಬ್ಬಿಣದ ಮೇಲೆ ಎಳೆದು ಅದರ ಮುಂದೆ ನಿಂತಳು. ಬಂದವಳು ಪಕ್ಕದ ಮನೆಯ ಡಾರ್ಕಸ್, ಬೆಳಗಿನಿಂದ ಅಡುಗೆಮನೆಯಲ್ಲಿ ಬಂದವರಿಗೆಂದು ಹುರುಳಿ ಬೇಯಿಸುತ್ತಿದ್ದವಳು. ಬಿಸಿನೀರಿಗೆ ಬಂದವಳು ತಾಮ್ರದ ದೊಡ್ಡ ಕೊಪ್ಪರಿಗೆಯನ್ನು ಒಮ್ಮೆ ಸವರಿದಳು. ಅಮ್ಮ ಹೋದ ಮೇಲೆ ನದಿಯ ಕೆಳಹರಿವಿನ ಊರಿನ ನೂಲಿನ ಗಿರಣಿಗೆ ಸೇರುತ್ತೇನೆಂದು ಟ್ರೈಫೀನಾ ಹೇಳಿದ್ದರಿಂದ ಕೊಪ್ಪರಿಗೆ ತನಗೇ ಎಂದು ಮಾತಾಗಿತ್ತು.

"ಅಳ್ಬೇಡ ಕಣೆ," ಎಂದಳು ಡಾರ್ಕಸ್, ಅಳದೇ ಇದ್ದವಳಿಗೆ. "ನರಳ್ಲಿಲ್ಲ, ಏನಿಲ್ಲ, ಹಣ್ಣೆಲೆ ಉದುರಿದ ಹಾಗೆ ಹೋದ್ಲು. ಬುಧವಾರ ಬೆರಳಲ್ಲಿ ಹೊದಿಕೆ ಕೀಳೋಕೆ ಶುರು ಮಾಡಿದ್ಲಲ್ಲ, ಆಗ್ಲೇ ಅಂದ್ಕೊಂಡೆ, ಇನ್ನು ಮುಗೀತು ಅಂತ. ನಮ್ಮತ್ತೇನೂ ಹಾಗೇ ಕಿತ್ತಿದ್ರು."

ಆ ದಿನ ಹಾಸಿಗೆಯ ಸುತ್ತ ಇದ್ದವರೆಲ್ಲ ಅದನ್ನೇ ಹೇಳಿದ್ದರು. ಸಾಯುವವರು ಹೊದಿಕೆ ಕೀಳುತ್ತಾರೆ, ಎಲ್ಲರಿಗೂ ಗೊತ್ತಿದ್ದದ್ದೇ. ಟ್ರೈಫೀನಾ ಕೂಡ ಅಮ್ಮನ ಬೆರಳುಗಳನ್ನು ನೋಡಲಾರದೆ ಮುಖ ತಿರುಗಿಸಿದ್ದಳು. ಆದರೆ ಅಮ್ಮನ ಮಡಿಲಲ್ಲಿ ಇದ್ದದ್ದು ಹೊದಿಕೆಯೇ? ಒಂದು ಅಂಗಿ ಕೊಡು ಎಂದು ಹಟ ಹಿಡಿದು, ಹೊಲಿಯಲು ಇಟ್ಟಿದ್ದ ಗಂಟಿನಿಂದ ತರಿಸಿಕೊಂಡಿದ್ದಳಲ್ಲ. ಜ್ವರದ ಮಾತು ಎಂದುಕೊಂಡು ಟ್ರೈಫೀನಾ ತಂದುಕೊಟ್ಟಿದ್ದಳು. ಅಮ್ಮ ಮಲಗಿದ ಮೇಲೆ ಎತ್ತಿ ಒಗೆದ ಬಟ್ಟೆಯ ಜೊತೆ ಹಾಕಿದ್ದಳು.

ಡಾರ್ಕಸ್ ನೀರು ತೆಗೆದುಕೊಂಡು ಹೋದ ಮೇಲೆ ಅವಳು ಬಟ್ಟೆಯ ರಾಶಿ ಕೆದಕಿ ಆ ಅಂಗಿಯನ್ನು ಹುಡುಕಿ ತೆಗೆದಳು. ಎದೆಯ ಮೇಲೆ ಹಳೆಯ ಜಿಡ್ಡು, ಗಂಟೆಯ ಕಂಚಿನ ಹಸಿರು ಕಿಲುಬು, ಎರಡು ನೀರಿಗೂ ಹೋಗದ್ದು. ಅಂಗಿಯ ಕೆಳ ಅಂಚಿನಲ್ಲಿ, ಪ್ರತಿ ಹುಡುಗನ ಹೆಸರಿನ ಗುರುತು ಕೆಂಪು ದಾರದಲ್ಲಿ ಇರುವ ಕಡೆ, ದಾರವಿರಲಿಲ್ಲ. ಬರೀ ಸೂಜಿಯ ಸಣ್ಣ ಸಣ್ಣ ತೂತುಗಳು.

ಅಮ್ಮ ಹೊದಿಕೆ ಕಿತ್ತಿರಲಿಲ್ಲ. ಕಣ್ಣು ಕಾಣದಿದ್ದರೂ ಒಬ್ಬ ಹುಡುಗನ ಹೆಸರನ್ನು ಎಳೆ ಎಳೆಯಾಗಿ ಕಿತ್ತು ಹಾಕಿದ್ದಳು. ಅಕ್ಕಪಕ್ಕದವರು ಸಾವು ಬಂತು ಎಂದು ಕಣ್ಣೊರೆಸಿಕೊಳ್ಳುತ್ತಿದ್ದಾಗ ಆ ಮುದುಕಿ ಕೆಲಸ ಮಾಡುತ್ತಿದ್ದಳು. ಆಮೇಲೆ ಕಣ್ಣು ತೆರೆದು ಹೇಳಿದ ಕೊನೆಯ ಮಾತೂ ಅದೇ: "ಶನಿವಾರದ ಬಟ್ಟೆ ತಲುಪಿಸ್ಬಿಡು, ಫೀನಾ." ಮಗಳಿಗೆ ಒಂದು ಒಳ್ಳೆಯ ಮಾತು ಹೇಳದೆ ಬಟ್ಟೆಯ ಮಾತಾಡಿ ಹೋದಳಲ್ಲ ಎಂದು ಟ್ರೈಫೀನಾ ಎರಡು ದಿನ ನೊಂದುಕೊಂಡಿದ್ದಳು. ಈಗ ಅವಳು ಬಾನಿಯ ಅಂಚು ಹಿಡಿದು ಅತ್ತಳು. ಚೆನ್ನಾಗಿ ಅತ್ತಳು.

ಅತ್ತಾದ ಮೇಲೆ ಹೆಬ್ಬೆರಳು ತಾನಾಗಿ ಅಂಗಿಯ ಅಂಚಿಗೆ ಹೋಯಿತು. ದಾರ ಹೋಗಿದ್ದರೂ ತೂತುಗಳ ಸಾಲು ಬೆರಳಿಗೆ ತಿಳಿಯುತ್ತಿತ್ತು. ಓದಬಹುದಿತ್ತು. ಓದಿ ಹೇಳಿದರೆ ಅಮ್ಮನ ಹೆಸರಿಗೂ ಕುಂದಿಲ್ಲ, ಗಂಟೆಯೂ ಆಗುತ್ತದೆ. ಒಬ್ಬ ಹುಡುಗ ಹೋಗುತ್ತಾನೆ, ಅಷ್ಟೇ. ಅವಳು ಕಂಡರಿಯದ ಹುಡುಗ. ತಮಾಷೆಗೆಂದು ಗಂಟೆಗೋಪುರ ಏರಿ ಅವಳ ತಾಯಿಯ ಗಂಟೆಯನ್ನು ಮೂಕ ಮಾಡಿದವನು.

ಅವಳು ಅಂಚನ್ನು ಬಿಸಿನೀರಿನಲ್ಲಿ ಅದ್ದಿ, ಎರಡು ಹೆಬ್ಬೆರಳ ನಡುವೆ ಉಜ್ಜಿದಳು. ನಾರುಬಟ್ಟೆ ನೀರು ಕುಡಿದು ಊದಿ ತೂತುಗಳು ಕೂಡಿಕೊಂಡವು. ಇಸ್ತ್ರಿ ಎಳೆದಳು. ಈಗ ಅದು ಯಾರ ಅಂಗಿಯೂ ಆಗಿರಲಿಲ್ಲ.

ಗಂಟೆ ಯಾರದು? ಕಾಲೇಜಿನದು, ಎಂದರೆ ಅಧ್ಯಕ್ಷರದು. ಹಾಗಾದರೆ ಅದು ಅವರ ಗಂಟಿನಲ್ಲೇ ಹೋಗಬೇಕು, ಅಮ್ಮನ ನಿಯಮದಂತೆ. ಆದರೆ ಕಬ್ಬಿಣದ ಜಿಡ್ಡು ಅಧ್ಯಕ್ಷರ ಒಗೆದ ರಾತ್ರಿಯಂಗಿಗೆ ತಾಗಬಾರದು. ಸತ್ತ ಮನೆಯಾದರೂ ಅಗಸರ ಮನೆ ಅಗಸರ ಮನೆಯೇ. ಅವಳು ನಾಲಿಗೆಯ ಗುಂಡನ್ನು ಆ ಯಾರದೂ ಅಲ್ಲದ ಅಂಗಿಯಲ್ಲಿ ಬಿಗಿಯಾಗಿ ಸುತ್ತಿ, ಸಡಿಲವಾಗದಂತೆ ದಪ್ಪ ದಾರದಲ್ಲಿ ಹೊಲಿದಳು. ಆಮೇಲೆ ರಾತ್ರಿಯಂಗಿಯೊಳಗೆ ಇಟ್ಟು ಮಡಿಸಿ, ಮೇಲೆ ಕೊರಳಪಟ್ಟಿಗಳನ್ನು ಜೋಡಿಸಿ, ಬುಟ್ಟಿಗಳನ್ನು ಜಾರುಗಾಡಿಗೆ ಏರಿಸಿ ಹೊರಟಳು.

ಡಾರ್ಕಸ್ ಕಿಟಕಿಯಿಂದ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತಾಯಿ ಪೆಟ್ಟಿಗೆಯಲ್ಲಿ ಮಲಗಿರುವಾಗ ಮಗಳು ಬಟ್ಟೆ ಕೊಡಲು ಹೊರಟಿದ್ದಾಳೆ. ಊರಿಗೆ ಒಂದು ತಿಂಗಳಿಗಾಗುವಷ್ಟು ಮಾತಾಯಿತು.

*

ಕಾಲೇಜಿನ ಗೇಟಿನಲ್ಲಿ ಉಗ್ರಾಣಿ ಗಿಡಿಯನ್ ಸ್ಟಬ್ಸ್ ನಿಂತಿದ್ದ. ನಾಲಿಗೆ ಕಳುವಾದಂದಿನಿಂದ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಅವನು ಕೆದಕಿ ನೋಡುತ್ತಿದ್ದ. ಹಾಲಿನವನ ಡಬ್ಬಿಗೆ ಕೋಲು ಹಾಕಿ ನೋಡಿದವನು ಅವನು. ಟ್ರೈಫೀನಾಳನ್ನು ಕಂಡು ಟೋಪಿ ತೆಗೆದ, ದುಃಖದ ಎರಡು ಮಾತಾಡಿದ, ಆಮೇಲೆ ಕೈ ತಾನಾಗಿ ಬುಟ್ಟಿಯ ಕಡೆ ಬಂತು. ತಂಬಾಕು ಅಗಿದು ಒರೆಸಿಕೊಂಡ ಕಂದು ಕೈ.

"ಅಮ್ಮ ಒಗೆದ ಕೊನೇ ಬಟ್ಟೆ ಗಿಡಿಯನ್ ಮಾವ," ಎಂದಳು ಟ್ರೈಫೀನಾ. "ನೋಡಿ, ಬೇಡ ಅನ್ನಲ್ಲ. ಕೈ ತೊಳ್ಕೊಂಡು ಬಂದು ನೋಡಿ."

ಗಿಡಿಯನ್ ತನ್ನ ಕೈಯನ್ನು ನೋಡಿಕೊಂಡ. ಬಿಳಿಯ ಕೊರಳಪಟ್ಟಿಗಳನ್ನು ನೋಡಿದ. ಇಪ್ಪತ್ತು ವರ್ಷ ಅವನ ಅಂಗಿಯ ತಂಬಾಕಿನ ಕಲೆಗಳನ್ನು ಒಂದು ಮಾತಾಡದೆ ತೆಗೆದವಳ ಕೆಲಸ ಅದು.

"ಹೋಗಮ್ಮ," ಎಂದ.

ಅಧ್ಯಕ್ಷರ ಮನೆಯ ಅಡುಗೆಯವಳು ಗಂಟು ತೆಗೆದುಕೊಳ್ಳುತ್ತಾ, ಇದೇನು ಇಷ್ಟು ಭಾರ, ಅಯ್ಯನವರು ಬೈಬಲ್ಲನ್ನೂ ಒಗೆಯಲು ಹಾಕಿದ್ದರೋ ಎಂದಳು. ಟ್ರೈಫೀನಾ, ಮಡಿಕೆ ಕೆಡಿಸಬೇಡ, ನೇರ ಅವರ ಕೋಣೆಗೇ ಇಡು ಎಂದು ಹೇಳಿ ತಿರುಗಿದಳು. ಮನೆ ಮುಟ್ಟುವವರೆಗೂ ಅವಳು ಹಿಂದೆ ತಿರುಗಿ ನೋಡಲಿಲ್ಲ. ಆದದ್ದು ಆಗಲಿ. ಇನ್ನು ಅವರುಂಟು, ಅವರ ರಾತ್ರಿಯಂಗಿಯುಂಟು.

*

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಪೆಟ್ಟಿಗೆ ಮುಂದಿನ ಕೋಣೆಯಲ್ಲಿ ಎರಡು ಕುರ್ಚಿಗಳ ಮೇಲಿತ್ತು. ಜೆರುಷಾಳ ಕೈಗಳನ್ನು ಎದೆಯ ಮೇಲೆ ಕೂಡಿಸಿದ್ದರು. ಸುಣ್ಣ, ಬೂದಿ, ಸಾಬೂನು ತಿಂದು ಗಂಟುಗಂಟಾದ ಕೈಗಳು, ಊರಿನಲ್ಲೇ ಅತಿ ಶುಭ್ರವಾದವು. ಗಂಡಸರು ಸೇಬಿನ ಹೆಂಡದ ಜಾಡಿಯ ಸುತ್ತ ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು, ಸಾವಿನ ಮನೆಯಲ್ಲಿ ಎಲ್ಲರೂ ಮಾಡುವಂತೆ ಮೊದಲು ಸತ್ತವರ ಬಗ್ಗೆ, ಆಮೇಲೆ ತಮ್ಮ ತಮ್ಮ ಕೋಳಿ ದನಗಳ ಬಗ್ಗೆ.

ಸಭೆಯ ಹಿರಿಯನಾದ ಡೀಕನ್ ಅಸಾಹೆಲ್‌ನ ಹೊಲ ಕಾಲೇಜಿಗೆ ಅಂಟಿಕೊಂಡೇ ಇತ್ತು. ಅದು ಅವನ ಪೂರ್ವಜನ್ಮದ ಪಾಪ ಎನ್ನಬಹುದು, ಆ ಜನ ಪೂರ್ವಜನ್ಮ ನಂಬುತ್ತಿದ್ದರೆ. ಪ್ರತಿ ಚಳಿಗಾಲವೂ ಅವನ ಹೆಬ್ಬಾತುಗಳು ವಿದ್ಯಾರ್ಥಿಗಳ ಹೊಟ್ಟೆ ಸೇರುತ್ತಿದ್ದವು. ಈ ಬುಧವಾರ ಉಳಿದಿದ್ದ ಒಂದೇ ಒಂದು ಗಂಡು ಹೆಬ್ಬಾತೂ ಹೋಗಿತ್ತು, ತಳಿಗೆಂದು ಇಟ್ಟುಕೊಂಡಿದ್ದದ್ದು.

"ಆದ್ರೆ ಒಂದು ಮಾತು ಹೇಳ್ಬೇಕಪ್ಪ," ಎಂದ ಅಸಾಹೆಲ್. "ಬಾತು ಕಳುವಾದ ಪ್ರತಿ ವರ್ಷವೂ ದೇವರು ನಂಗೆ ಸೌದೆ ಕೊಟ್ಟಿದ್ದಾನೆ. ಬೆಳಿಗ್ಗೆ ಎದ್ರೆ ಬಾಗಿಲಲ್ಲಿ ಒಡೆದು ಜೋಡಿಸಿದ ಸೌದೆ. ಒಳ್ಳೇ ಒಣಗಿದ ಮೇಪಲ್. ನಾನು ಪ್ರಾರ್ಥನೇಲಿ ಎರಡು ಸಲ ಇದನ್ನ ಸಾಕ್ಷಿ ಹೇಳಿದ್ದೀನಿ."

ಗೇಟಿನಿಂದ ಆಗಷ್ಟೇ ಬಂದು, ಕೈ ತೊಳೆದುಕೊಂಡು ಮೂಲೆಯಲ್ಲಿ ನಿಂತಿದ್ದ ಗಿಡಿಯನ್ ಲೋಟ ಕೆಳಗಿಟ್ಟ.

"ಮೇಪಲ್ಲಾ?"

"ಹೂಂ, ಮೇಪಲ್. ಒಂದೇ ಅಳತೆಗೆ ಕುಯ್ದದ್ದು."

"ಮಾರುದ್ದ ಕುಯ್ದು, ತುದಿಗೆ ಬಿಳೀ ಸುಣ್ಣದ ಗೀಟು ಹಾಕಿರ್ತಿತ್ತಾ?"

"ಅದು ನಿಂಗೆ ಹೇಗೆ ಗೊತ್ತು?" ಎಂದ ಅಸಾಹೆಲ್.

"ಆ ಗೀಟು ನಾನೇ ಹಾಕೋದು ಕಣಪ್ಪ, ಡೀಕನ್. ಅದು ಕಾಲೇಜಿನ ಸೌದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ, ಯಾಕೆಂದು ಅವರಿಗೇ ತಿಳಿಯದೆ, ಇಬ್ಬರೂ ಪೆಟ್ಟಿಗೆಯ ಕಡೆ ತಿರುಗಿದರು. ಜೆರುಷಾಳ ಮುಖ ಎಂದಿನಂತೆ ಏನೂ ಹೇಳುತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ನಾಲ್ಕೈದು ವಿದ್ಯಾರ್ಥಿಗಳಲ್ಲಿ ಒಬ್ಬ ಕೆಮ್ಮಿ ತನ್ನ ಹೆಗಲು ಮುಟ್ಟಿ ನೋಡಿಕೊಂಡ, ಕುಂಬಳಕಾಯಿ ಕಳ್ಳನ ಹಾಗೆ. ಮೊದಲು ನಕ್ಕವನು ಅಸಾಹೆಲ್. ಸತ್ತ ಮನೆಯೆಂದು ನೆನಪಾಗಿ ಕೈವಸ್ತ್ರದಿಂದ ಬಾಯಿ ಮುಚ್ಚಿಕೊಂಡ, ಅಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಅದು ನಗುವಿನದ್ದೇ ಎಂದು ಹೇಳಲಾಗುತ್ತಿರಲಿಲ್ಲ.

ಹೊರಡುವ ಹೊತ್ತಾಯಿತು. ಥ್ರಾಲ್ ಪಾದ್ರಿಗಳು ಬಂದಿರಲಿಲ್ಲ. ಜನ ಕಾಲು ಬದಲಿಸುತ್ತಾ ನಿಂತರು. ಗಂಟೆಯಿಲ್ಲದೆ ಪೆಟ್ಟಿಗೆ ಎತ್ತುವುದು ಹೇಗೆ ಎಂದು ಹೊರುವವರಿಗೂ ಗೊತ್ತಾಗಲಿಲ್ಲ. ಯಾವಾಗಲೂ ಗಂಟೆಯ ಮೊದಲ ಪೆಟ್ಟು ಬಿದ್ದಾಗಲೇ ಅವರು ಭುಜ ಕೊಡುತ್ತಿದ್ದದ್ದು. ಟ್ರೈಫೀನಾ ಕಿಟಕಿಯ ಹತ್ತಿರ ನಿಂತಿದ್ದಳು. ಅವರು ನ್ಯಾಯಾಧೀಶರನ್ನು ಕರೆತರಲು ಹೋಗಿರಬೇಕು. ಪೆಟ್ಟಿಗೆಯ ಮುಂದೆಯೇ ಕೇಳುತ್ತಾರೆ. ಕೇಳಿದರೆ, ನಾನೇ ಬಚ್ಚಿಟ್ಟದ್ದು, ಅಮ್ಮನಿಗೆ ಏನೂ ಗೊತ್ತಿರಲಿಲ್ಲ ಎಂದುಬಿಡಬೇಕು. ಬದುಕಿರುವವಳ ಮಾನ ಹೋದರೆ ಗಿರಣಿಯ ಊರಿನಲ್ಲಿ ಯಾರಿಗೆ ಗೊತ್ತಾಗುತ್ತದೆ?

ಥ್ರಾಲ್ ಒಬ್ಬರೇ ನಡೆದು ಬಂದರು. ಬೂದಿ ಹಾಕಿದ ಮೆಟ್ಟಿಲನ್ನು ಎಚ್ಚರದಿಂದ ಹತ್ತಿ, ಯಾರನ್ನೂ ಮಾತಾಡಿಸದೆ ನೇರ ಅವಳ ಹತ್ತಿರ ಬಂದು ನಿಂತರು. ಅವರ ಕರಿಯ ಕೋಟಿನ ತೋಳಿಗೆ ಗಂಟೆಗೋಪುರದ ಜೇಡರಬಲೆ ಅಂಟಿತ್ತು.

ಈ ಮನುಷ್ಯನ ಮರೆವು ಊರಿಗೆಲ್ಲ ಗೊತ್ತಿದ್ದದ್ದು. ಗಡಿಯಾರ ಕಳೆದುಹೋಯಿತು ಎಂದು ಮನೆಯೆಲ್ಲ ಹುಡುಕಿಸಿದರೆ ಶನಿವಾರ ಒಗೆದ ಅಂಗಿಯಲ್ಲಿ ಸಿಗುತ್ತಿತ್ತು. ಮೊಹರು, ಚಮಚ, ಒಮ್ಮೆ ಅವರ ಕನ್ನಡಕ. ಹೆಂಡತಿ ಬೈಯುತ್ತಿದ್ದಳು. ವಯಸ್ಸಾಯಿತು, ಬುದ್ಧಿ ಜಾಳಾಗುತ್ತಿದೆ ಎಂದು ಅವರೇ ಬೋಧಕರ ಮುಂದೆ ಹೇಳಿಕೊಂಡು, ಕೆಲಸ ಬಿಡುವ ಮಾತೂ ಆಡಿದ್ದರು.

"ಟ್ರೈಫೀನಾ," ಎಂದರು ಥ್ರಾಲ್. ದನಿ ತಗ್ಗಿತ್ತು, ಬೇರೆ ಯಾರಿಗೂ ಕೇಳಿಸುವಂತಿರಲಿಲ್ಲ. "ಇಷ್ಟು ವರ್ಷ ನಾನೇ ಮರೆಗುಳಿ ಅಂದ್ಕೊಂಡಿದ್ದೆ."

ಅವಳು ಅವರ ತೋಳಿನ ಜೇಡರಬಲೆಯನ್ನು ನೋಡಿದಳು.

"ಗಂಟೆಯ ನಾಲಿಗೇನ ಯಾರೂ ಮರೆತು ರಾತ್ರಿಯಂಗೀಲಿ ಬಿಟ್ಟಿರಲ್ಲ, ಅಲ್ವಾ?"

"ಇಲ್ಲ ಅಯ್ನೋರೇ."

ಅವರು ಪೆಟ್ಟಿಗೆಯ ಕಡೆ ನೋಡಿದರು. ಮುಂದಿನ ಪ್ರಶ್ನೆ ಅವರ ತುಟಿಯವರೆಗೂ ಬಂದದ್ದು ಟ್ರೈಫೀನಾಳಿಗೆ ಕಂಡಿತು. ಅವಳು ಉತ್ತರವನ್ನು ಹಲ್ಲಿನ ಹಿಂದೆ ಸಿದ್ಧವಾಗಿಟ್ಟುಕೊಂಡಳು. ಆದರೆ ಥ್ರಾಲ್ ಜೆರುಷಾಳ ಗಂಟುಕೈಗಳ ಮೇಲೆ ತಮ್ಮ ಕೈಯಿಟ್ಟು, ಕಿಟಕಿಯಾಚೆ ಯಾರಿಗೋ ಟೋಪಿ ಎತ್ತಿ ಸನ್ನೆ ಮಾಡಿದರು.

ಬೆಟ್ಟದ ಮೇಲೆ ಗಂಟೆ ಹೊಡೆಯಿತು.

ದಿನವೂ ಕಿವಿಗೆ ಬಡಿಯುವ ಗಂಟೆಯಲ್ಲ ಅದು. ದನಿ ಬಟ್ಟೆಯೊಳಗಿಂದ ಬಂತು, ಮೆತ್ತಗೆ, ಎದೆಗೆ ತಾಗುವಂತೆ. ಥ್ರಾಲ್ ಹೊಲಿಗೆ ಬಿಚ್ಚಿಸಿರಲಿಲ್ಲ. ಆ ಊರಿನಲ್ಲಿ ನಾಲಿಗೆಗೆ ಬಟ್ಟೆ ಸುತ್ತಿ ಗಂಟೆ ಹೊಡೆದದ್ದು ಅದುವರೆಗೆ ಒಬ್ಬರೇ ಒಬ್ಬರಿಗೆ, ಹಿಂದಿನ ಅಧ್ಯಕ್ಷರಿಗೆ. ಗಂಡಸರೆಲ್ಲ ಟೋಪಿ ತೆಗೆದರು. ಗುಡ್ಡದಾಚೆ ಮರ ಕಡಿಯುವವನು ಕೊಡಲಿ ಊರಿ ನಿಂತು, ಯಾರೋ ದೊಡ್ಡವರು ಹೋದರು ಎಂದುಕೊಂಡಿರಬೇಕು. ತಪ್ಪೇನೂ ಇಲ್ಲ.

ಹೊರುವವರು ಭುಜ ಕೊಟ್ಟರು. ಬೂದಿಯ ಮೇಲೆ ಯಾರ ಕಾಲೂ ಜಾರಲಿಲ್ಲ. ದಾರಿಯ ಎರಡೂ ಕಡೆ ಬೇಲಿಗೆ ತಾಗಿ ವಿದ್ಯಾರ್ಥಿಗಳು ನಿಂತಿದ್ದರು, ಜೆರುಷಾ ಒಗೆದ ಕೊರಳಪಟ್ಟಿ ತೊಟ್ಟು. ಒಬ್ಬ ಮಾತ್ರ, ಕಡ್ಡಿಯಂತೆ ಉದ್ದನೆಯ ಹುಡುಗ, ಕೋಟಿನ ಗುಂಡಿಯನ್ನು ಗಲ್ಲದವರೆಗೆ ಹಾಕಿಕೊಂಡಿದ್ದ. ಒಳಗೆ ಅಂಗಿ ಇದ್ದಂತಿರಲಿಲ್ಲ. ಗಂಟೆಯ ಪ್ರತಿ ಪೆಟ್ಟಿಗೂ ಅವನ ಮುಖ ಸುಕ್ಕುಗಟ್ಟುತ್ತಿತ್ತು. ಟ್ರೈಫೀನಾ ಅವನನ್ನು ಒಂದು ಕ್ಷಣ ಕಂಡು, ಆಮೇಲೆ ಅಮ್ಮನ ನಿಯಮದಂತೆ ನೋಡಲಿಲ್ಲ.

*

ಮಣ್ಣು ಮಾಡಿ ಬಂದವರು ಹುರುಳಿ, ಕುಂಬಳದ ಸಿಹಿ, ರೈ ರೊಟ್ಟಿ ತಿಂದು ಬಿಸಿಲಿರುವಾಗಲೇ ಚದುರಿದರು. ಅಸಾಹೆಲ್ ಮತ್ತು ಗಿಡಿಯನ್ ಸೌದೆಯ ಲೆಕ್ಕವನ್ನು ಚರ್ಚಿಸುತ್ತಾ ಜೊತೆಯಾಗಿ ಹೋದರು. ಹೆಬ್ಬಾತಿಗೆ ಎಷ್ಟು ಸೌದೆ ಸಮ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಡಾರ್ಕಸ್ ಪಾತ್ರೆಗಳನ್ನು ಜೋಡಿಸಿ, ಸೊಂಟಕ್ಕೆ ಕಟ್ಟಿಕೊಂಡ ಅಡುಗೆಬಟ್ಟೆಗೆ ಕೈ ಒರೆಸಿಕೊಂಡು, ಕೊಪ್ಪರಿಗೆ ಯಾವಾಗ ತೆಗೆದುಕೊಂಡು ಹೋಗಲಿ ಎಂದು ಕೇಳಿದಳು. ಹೊತ್ತಲ್ಲದ ಹೊತ್ತು ಎಂದು ಅವಳಿಗೂ ಗೊತ್ತಿತ್ತು, ಆದರೆ ಗಂಡ ಕೈಗಾಡಿ ತಂದಿದ್ದ.

ಟ್ರೈಫೀನಾ ಉತ್ತರ ಕೊಡುವ ಮೊದಲು ಹಿತ್ತಲಲ್ಲಿ ಏನೋ ಸದ್ದಾಯಿತು. ಯಾರೋ ಓಡಿಹೋದ ಹೆಜ್ಜೆಯ ಸದ್ದು, ಆಮೇಲೆ ಬೆತ್ತ ಕಿರುಗುಟ್ಟಿದ್ದು. ಅವಳು ಹೋಗಿ ಬಾಗಿಲು ತೆರೆದಳು.

ಯಾರೂ ಇರಲಿಲ್ಲ. ಹಿಮದ ಮೇಲೆ ಬೇಲಿಯವರೆಗೆ ಉದ್ದುದ್ದನೆಯ ಹೆಜ್ಜೆ ಗುರುತು. ಬುಟ್ಟಿ ತುಂಬಿತ್ತು, ಕಾಲುಚೀಲ, ಹಾಸಿಗೆಯ ಚಾದರ, ಮಸಿ ಚೆಲ್ಲಿದ ಅಂಗಿಗಳು. ಅವು ಅಲುಗಾಡುತ್ತಿದ್ದವು.

"ಯಾರೇ ಅದು?" ಎಂದು ಕೂಗಿದಳು ಡಾರ್ಕಸ್ ಒಳಗಿನಿಂದ.

"ಯಾರೂ ಇಲ್ಲ," ಎಂದಳು ಟ್ರೈಫೀನಾ. "ಡಾರ್ಕಸಕ್ಕ, ಕೊಪ್ಪರಿಗೆ ಇಲ್ಲೇ ಇರ್ಲಿ. ಸೋಮವಾರ ನಂಗೆ ಬೇಕು."

ಅವಳು ಹೆಜ್ಜೆ ಗುರುತಿನ ಕಡೆ ಬೆನ್ನು ಮಾಡಿ, ಬುಟ್ಟಿಯ ಎರಡೂ ಕಿವಿ ಹಿಡಿದು ಒಳಗೆಳೆದಳು. ಹೊಸ್ತಿಲು ದಾಟುವಾಗ ಮೇಲಿನ ಮಾಸಿದ ಅಂಗಿಯ ಕೊರಳಿನಿಂದ ಅಸಾಹೆಲ್‌ನ ಗಂಡು ಹೆಬ್ಬಾತು ಉದ್ದನೆಯ ಕತ್ತು ಹೊರಚಾಚಿ, ಮೊದಲ ದಿನ ಕಾಲೇಜಿಗೆ ಬಂದ ಹುಡುಗನ ಹಾಗೆ ಅತ್ತ ಇತ್ತ ನೋಡಿತು.